ಕೇಳದೆ ಬಡಿಸಿದ ಮಜ್ಜಿಗೆ

ನನ್ನ ಮೇಜಿನ ಮೇಲೆ, ಕನ್ನಡಕದ ಡಬ್ಬಿಗೂ ರಕ್ತದೊತ್ತಡದ ಮಾತ್ರೆಗಳಿಗೂ ನಡುವೆ, ಈಚೆಗೆ ಒಂದು ಪುಟ್ಟ ಗಾಜಿನ ಲೋಟ ಬಂದು ಕುಳಿತಿದೆ. ಎತ್ತರ ಎರಡೂಕಾಲು ಅಂಗುಲ, ಬಾಯಿಯ ಅಗಲ ಒಂದೂಮುಕ್ಕಾಲು. ಅಳೆದು ನೋಡಿಯೇ ಹೇಳುತ್ತಿದ್ದೇನೆ. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಊರೂರಿನ ಜಮೀನು ಅಳೆದವನು ನಾನು. ಅಳೆಯದೆ ಮಾತನಾಡುವವರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಮನೆಗೆ ಬಂದವರು ಅದನ್ನು ಎತ್ತಿ ನೋಡಿ, "ಏನ್ ಸಾರ್, ಕೆಮ್ಮಿನ ಔಷಧಿ ಲೋಟಾನಾ?" ಎನ್ನುತ್ತಾರೆ. ನಾನು ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಅನ್ನುವುದಿಲ್ಲ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಹಾಡುಹಗಲಿನಲ್ಲಿ, ಹೆಂಡತಿಯ ಎದುರಿಗೇ ಅದರಲ್ಲಿ ಬ್ರಾಂದಿ ಕುಡಿದೆನೆಂದು ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ನನಗೆ ಅವಮಾನವಾಗುತ್ತದೆ. ಅವಮಾನವಾದರೆ ನಾನು ಮರೆಯುವುದಿಲ್ಲ.

ಈ ಕೊನೆಯ ಮಾತಿನ ವಿಷಯದಲ್ಲಿ ನನ್ನ ಹೆಂಡತಿ ರತ್ನಮ್ಮ ಹೇಳುವುದೊಂದಿದೆ: "ಇವರಿಗೆ ಉಂಡದ್ದು ಮರೆತುಹೋಗುತ್ತೆ, ಬಡಿಸದೆ ಬಿಟ್ಟದ್ದು ಮರೆಯಲ್ಲ." ಅದು ನಿಜ. ನಾನು ಹುಟ್ಟಿ ಬೆಳೆದ ತೂಬಗೆರೆಯಲ್ಲಿ, ಒಮ್ಮೆ ಯಾರೋ ನೆಂಟರು ದೇವನಹಳ್ಳಿಯಿಂದ ತಂದ ಚಕ್ಕೋತವನ್ನು ಅಜ್ಜಿ ಬಿಡಿಸಿ ನಾವು ಐದು ಮಕ್ಕಳಿಗೆ ಹಂಚಿದಳು. ಹದಿನಾಲ್ಕು ತೊಳೆಗಳಿದ್ದವು. ನಾಲ್ವರಿಗೆ ಮೂರು ಮೂರು, ನನಗೆ ಎರಡು. "ನೀನು ಜಾಣ, ಕೇಳಲ್ಲ" ಎಂದು ಅಜ್ಜಿ ನನ್ನ ತಲೆಯ ಮೇಲೆ ಅರ್ಧ ಸಿಪ್ಪೆಯನ್ನು ಟೋಪಿಯಂತೆ ಕವುಚಿ ಕಳುಹಿಸಿದಳು. ಆ ಸಿಪ್ಪೆಯ ಕಹಿಗಂಪು ಕೂದಲಿನಲ್ಲಿ ಎರಡು ದಿನ ಇತ್ತು. ಸಿಟ್ಟು ಅರವತ್ತೈದು ವರ್ಷದಿಂದ ಇದೆ. ನಿವೃತ್ತಿಯ ದಿನ ನನ್ನ ಜೊತೆಗೇ ನಿವೃತ್ತನಾದ ಗುಮಾಸ್ತನಿಗೆ ಹಾಕಿದ ಹಾರ ನನ್ನದಕ್ಕಿಂತ ಒಂದು ಗೇಣು ಉದ್ದವಿತ್ತು. ಕಣ್ಣಂದಾಜಲ್ಲ, ಮನೆಗೆ ಹೋಗುವ ದಾರಿಯಲ್ಲಿ ಅವನ ಹಾರವನ್ನು ಕೇಳಿ ಪಡೆದು ಪಕ್ಕಕ್ಕಿಟ್ಟು ನೋಡಿದೆ.

ಆದರೆ ಇವೆಲ್ಲ ಸಣ್ಣಪುಟ್ಟವು. ಎಲ್ಲಕ್ಕಿಂತ ದೊಡ್ಡದು ಒಂದಿದೆ. ಅದು ನಲವತ್ತೈದು ವರ್ಷಗಳ ಹಿಂದೆ, ಸೂಲಿಬೆಲೆಯ ನನ್ನ ಅತ್ತೆಮನೆಯಲ್ಲಿ, ನನ್ನದೇ ಮದುವೆಯ ಬೀಗರ ಊಟದಲ್ಲಿ ನಡೆದದ್ದು.

ಬೀಗರ ಊಟವೆಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಮುದ್ದೆ, ಮಟನ್ ಸಾರು. ಊಟಕ್ಕೆ ಮೊದಲು ಹುಲ್ಲಿನ ಬಣವೆಯ ಹಿಂದೆ ಗಂಡಸರಿಗೆ ಮಾತ್ರ ಇನ್ನೊಂದು ಸತ್ಕಾರ. ಯಾರೋ ಮಿಲಿಟರಿಯವರ ಮೂಲಕ ತರಿಸಿದ ರಮ್ಮಿನ ಬಾಟಲಿ ಹಿಡಿದು ಸುರಿಯುತ್ತಿದ್ದವನು ನನ್ನ ಬಾಮೈದ, ರತ್ನಮ್ಮನ ತಮ್ಮ ಪಿಳ್ಳಪ್ಪ. ಆಗ ಅವನಿಗೆ ಇಪ್ಪತ್ತು. ನಾನು ಅದುವರೆಗೆ ಅಂಥದ್ದನ್ನು ಬಾಯಿಗಿಟ್ಟವನಲ್ಲ, ಇಡುವ ಉದ್ದೇಶವೂ ಇರಲಿಲ್ಲ. ಆದರೂ ಕೇಳುತ್ತಾರೆಂಬುದು ಗೊತ್ತಿತ್ತಾದ್ದರಿಂದ, ಬೆಳಿಗ್ಗೆಯೇ ಕನ್ನಡಿಯ ಮುಂದೆ ನಿಂತು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ: "ಕ್ಷಮಿಸಬೇಕು, ನನಗೆ ಅಭ್ಯಾಸವಿಲ್ಲ, ನಿಮ್ಮ ಪ್ರೀತಿಯೇ ಸಾಕು." ಪಿಳ್ಳಪ್ಪ ಒಬ್ಬೊಬ್ಬರಿಗೂ ಸುರಿಯುತ್ತ ನನ್ನ ಹತ್ತಿರ ಬಂದ. ನಾನು ಗಂಟಲು ಸರಿಪಡಿಸಿಕೊಂಡೆ. ಅವನು ಬಾಟಲಿಯನ್ನು ಎದೆಗಪ್ಪಿಕೊಂಡು ಕೂಗಿದ: "ಸರ್ವೆ ಸಾಹೇಬ್ರು ಗೆರೆ ದಾಟೋರಲ್ಲ! ಯಾರ್ಲಾ ಅಲ್ಲಿ, ಭಾವಂಗೆ ಒಂದ್ ಲೋಟ ಮಜ್ಜಿಗೆ ತಗಂಬಾ!"

ಬಣವೆಯೇ ಬೀಳುವಂತೆ ನಕ್ಕರು. ನಕ್ಕವರಲ್ಲಿ ನನ್ನ ತಂದೆಯೂ ಒಬ್ಬರು.

ನೀವು ಕೇಳಬಹುದು: ಕುಡಿಯದವನಿಗೆ ಮಜ್ಜಿಗೆ ಕೊಟ್ಟರೆ ತಪ್ಪೇನು? ತಪ್ಪು ಮಜ್ಜಿಗೆಯಲ್ಲಿಲ್ಲ. ಅವನು ಕೇಳಬೇಕಾಗಿತ್ತು. ಬೇಡ ಎನ್ನುವುದು ನನ್ನ ಹಕ್ಕು. ಅದನ್ನು ಅವನು ನಾಲ್ಕು ಜನರೆದುರು ನನ್ನ ಕೈಯಿಂದ ಕಿತ್ತುಕೊಂಡ. ಆ ವಾಕ್ಯ ಇಂದಿಗೂ ನನ್ನ ಬಾಯಲ್ಲಿ ಹಾಗೆಯೇ ಉಳಿದಿದೆ.

ಇಷ್ಟಾದರೂ ಹನ್ನೊಂದು ವರ್ಷ ನಾನು ಹಬ್ಬಗಳಿಗೆ ಆ ಮನೆಗೆ ಹೋಗುತ್ತಿದ್ದೆ, ಮುಖವನ್ನು ಬಿಗಿದುಕೊಂಡೇ. ಆಮೇಲೆ ಎರಡನೆಯದು ನಡೆಯಿತು. ಮಾವನವರ ದ್ರಾಕ್ಷಿ ತೋಟಕ್ಕೂ ಪಕ್ಕದವರ ಹೊಲಕ್ಕೂ ಗಡಿಯ ತಕರಾರು ಬಂದು, ಅಳೆದು ಕಲ್ಲು ನೆಡುವ ಕೆಲಸ ನನ್ನ ಪಾಲಿಗೇ ಬಂತು. ಬಂಧುಗಳ ಜಮೀನು, ನನ್ನನ್ನು ಬಿಡಿಸಿ ಎಂದು ಬರೆದುಕೊಟ್ಟೆ. ಬೇರೆ ಸಿಬ್ಬಂದಿ ಇರಲಿಲ್ಲ, ಎದುರುಪಕ್ಷದವರೂ ನಾನೇ ಆಗಬಹುದೆಂದರು. ಅಳೆದೆ. ಕಲ್ಲು ನಮ್ಮ ಮಾವನವರ ಕಡೆಗೇ ಮೂರೂಕಾಲು ಅಡಿ ಒಳಕ್ಕೆ ಬಂತು. ಕಾಯಿ ಬಿಟ್ಟಿದ್ದ ಒಂದು ಸಾಲು ದ್ರಾಕ್ಷಿಬಳ್ಳಿ ಕೈತಪ್ಪಿತು. ಆ ವರ್ಷದಿಂದ ಹಬ್ಬದ ಕರೆ ರತ್ನಮ್ಮನಿಗೆ ಮಾತ್ರ ಬರತೊಡಗಿತು, ನನಗೆ ಬರಲಿಲ್ಲ. ಮೂರೂಕಾಲು ಅಡಿ ಮಣ್ಣಿಗಾಗಿ ಅಳಿಯನನ್ನು ಬಿಟ್ಟರಲ್ಲ ಎಂದು ನಾನೂ ಬಿಟ್ಟೆ. ಕರೆಯದ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ರತ್ನಮ್ಮನಿಗೆ ಹೇಳಿದೆ. ಅತ್ತೆ ತೀರಿಕೊಂಡಾಗಲೂ ತೋಟದವರೆಗೆ ಹೋಗಿ, ಮೂರು ಹಿಡಿ ಮಣ್ಣು ಹಾಕಿ, ಅಲ್ಲಿಂದಲೇ ಬಸ್ಸು ಹತ್ತಿದೆ. ಮದುವೆ ಮುಂಜಿಗಳಲ್ಲಿ ಪಿಳ್ಳಪ್ಪ ಸಿಕ್ಕರೆ "ಚೆನ್ನಾಗಿದ್ದೀರಾ ಭಾವ", "ಹೂಂ" — ಇಷ್ಟೇ. ಮೂವತ್ತನಾಲ್ಕು ವರ್ಷ ಹೀಗೇ ಕಳೆಯಿತು.

ಹೋದ ತಿಂಗಳು ಪಿಳ್ಳಪ್ಪ ತಾನಾಗಿ ದೊಡ್ಡಬಳ್ಳಾಪುರದ ನಮ್ಮ ಮನೆಯ ಬಾಗಿಲಿಗೆ ಬಂದ. ಜೊತೆಯಲ್ಲಿ ಅವನ ಕಿರಿಯ ಮಗಳು ಚೈತ್ರಾ. ಮದುವೆ ಅವಳದೇ. ತಟ್ಟೆಯಲ್ಲಿ ಅಕ್ಷತೆ, ಲಗ್ನಪತ್ರಿಕೆ. "ಚಪ್ಪರದ ದಿನ ಮನೆಗೇ ಬರ್ಬೇಕು ಭಾವ. ಛತ್ರಕ್ಕಲ್ಲ, ಮನೆಗೆ" ಎಂದ. ಅರವತ್ತೈದಾಗಿದೆ ಅವನಿಗೆ, ಬಗ್ಗಿ ಕಾಲಿಗೆ ಬಿದ್ದಾಗ ಏಳಲು ನನ್ನ ಮೊಣಕಾಲನ್ನೇ ಹಿಡಿದುಕೊಂಡ. ನಾನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಅವರು ಹೋದ ಮೇಲೆ ರತ್ನಮ್ಮ ತಟ್ಟೆಯನ್ನು ಎತ್ತಿಡುತ್ತ ಹೇಳಿದಳು:

"ಗುರುವಾರ ಜವಳಿ ತೆಗೆಯೋಕೆ ಬರ್ತಾರೆ. ನೀವೂ ನಮ್ಜೊತೆ ಬನ್ನಿ. ಇಡೀ ದಿನ ಅವನ ಪಕ್ಕ ಕೂತ್ಕೊಂಡು ನೋಡಿ. ಆಮೇಲೂ ಆಗಲ್ಲ ಅನ್ಸಿದ್ರೆ ಬಿಟ್ಬಿಡಿ. ನಾನು ಇನ್ನೊಂದ್ಸಲ ಕೇಳಲ್ಲ. ಮೂವತ್ತನಾಲ್ಕು ವರ್ಷ ಒಬ್ಳೇ ಬಸ್ಸಲ್ಲಿ ಹೋಗಿದ್ದೀನಿ ತೌರಿಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಗುರುವಾರ ಚೈತ್ರಾ ಕಾರು ತಂದಳು. ಮುಂದೆ ಪಿಳ್ಳಪ್ಪ, ಹಿಂದೆ ನಾವಿಬ್ಬರು. ದೊಡ್ಡ ಅಂಗಡಿಗಳು ಬೇಡ, ನೇಯುವವರ ಮನೆಯಲ್ಲೇ ತೆಗೆಯೋಣವೆಂದು ಪರಿಚಯದ ಗೋಪಾಲಪ್ಪನವರ ಮನೆಗೆ ಹೋದೆವು. ಇಡೀ ಬೀದಿ ಮಗ್ಗಗಳ ಸದ್ದಿಗೆ ನಡುಗುತ್ತಿತ್ತು. ಒಳಗೆ ಕೂತರೆ ಮಾತು ಕೇಳಿಸದೆ ತುಟಿಯನ್ನೇ ನೋಡಬೇಕು. ಚಾಪೆಯ ಮೇಲೆ ಸೀರೆಗಳು ಒಂದರ ಮೇಲೊಂದು ಬಿದ್ದವು. ಚೈತ್ರಾ ಒಂದನ್ನು ಮೆಚ್ಚಿದಳು: ಅರಿಶಿನದ ಒಡಲು, ನೇರಳೆ ಅಂಚು. ಇದೇ ಆಗಲಿ ಎಂದು ಎಲ್ಲರೂ ತಲೆದೂಗುವಾಗ ನಾನು ಜೇಬಿನಿಂದ ಟೇಪು ತೆಗೆದೆ.

"ಮಾವ, ಇದು ನಾನು ಉಡೋ ಸೀರೆ, ಸೈಟಲ್ಲ!" ಎಂದಳು ಚೈತ್ರಾ.

"ಉಡೋದಾದ್ರೂ ಉದ್ದ ಗೊತ್ತಿರಬೇಕಮ್ಮ."

ಪಿಳ್ಳಪ್ಪ ಎದ್ದು ಬಂದು ಟೇಪಿನ ಇನ್ನೊಂದು ತುದಿ ಹಿಡಿದ. ಅಳೆದಾಗ ಹೇಳಿದ್ದಕ್ಕಿಂತ ಎರಡು ಅಂಗುಲ ಹೆಚ್ಚಿತ್ತು. ಕಡಿಮೆಯಿದ್ದರೆ ಹೇಗೆ ಮಾತನಾಡಬೇಕೆಂದು ನನಗೆ ಗೊತ್ತಿತ್ತು. ಹೆಚ್ಚಿದ್ದರೆ ಏನು ಹೇಳಬೇಕೆಂದು ತೋಚಲಿಲ್ಲ. "ಎರಡಂಗುಲ ಹೆಚ್ಚಿದೆ" ಎಂದು ದೂರುವವನಂತೆ ಹೇಳಿದೆ. ಗೋಪಾಲಪ್ಪ ನಕ್ಕರು. "ಇರ್ಲಿ ಬಿಡಿ ಸಾರ್, ಮಗ್ಗ ಕೊಟ್ಟಿದ್ದು."

ರತ್ನಮ್ಮ ಆ ನೇರಳೆ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. "ಅಮ್ಮನ ಹತ್ರ ಇಂಥದ್ದೇ ಒಂದಿತ್ತು, ಅಲ್ವೇನೋ ಪಿಳ್ಳ?" ಪಿಳ್ಳಪ್ಪ ನನ್ನ ಕಡೆಗೊಮ್ಮೆ ನೋಡಿ, "ಹೂಂ ಅಕ್ಕಯ್ಯ" ಎಂದು ಟೇಪನ್ನು ಮಡಚಿ ನನ್ನ ಕೈಗಿಟ್ಟ.

ಮುಂದೆ ದೇವನಹಳ್ಳಿ. ಕೋಟೆಯ ಹತ್ತಿರ ಒಬ್ಬಾಕೆ ಚಕ್ಕೋತ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನೆತ್ತಿಯ ಮೇಲೆ ಐದು ನಿಮಿಷಕ್ಕೊಂದು ವಿಮಾನ. ಚಕ್ಕೋತವನ್ನು ಕೊಳ್ಳುವುದೊಂದು ಕಲೆ: ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ತೂಕ ಹೆಚ್ಚಿರಬೇಕು. ನಾನು ಒಂದೊಂದನ್ನೂ ತೂಗಿ ನೋಡುತ್ತಿದ್ದುದನ್ನು ಕಂಡು ಆಕೆ, "ಯಜಮಾನ್ರೇ, ಹಣ್ಣು ಬಿಸಿ ಆಗೋಯ್ತು, ಬೇಗ ಹೇಳಿ" ಎಂದಳು. (ಇದನ್ನೂ ನೆನಪಿಟ್ಟುಕೊಂಡಿದ್ದೇನೆ.) ಕಾರಿನಲ್ಲಿ ರತ್ನಮ್ಮ ಒಂದನ್ನು ಬಿಡಿಸಿ ಹಂಚಿದಳು. ನಾನು ಎಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ನಾಲ್ಕು ಬಂತು, ಅವಳಿಗೆ ಎರಡು.

ಆಮೇಲಿನದು ಪಿಳ್ಳಪ್ಪನ ಕಾರ್ಯಕ್ರಮ. ಬೀಗರ ಊಟಕ್ಕೆ ಒಳ್ಳೆಯ ಸರಕು ಆರಿಸಬೇಕೆಂದು, ತಾನು ಹಿಂದೆ ದ್ರಾಕ್ಷಿ ಮಾರುತ್ತಿದ್ದ ಕಡೆಗೇ ಕರೆದುಕೊಂಡು ಹೋದ. ದ್ರಾಕ್ಷಿಯಿಂದ ಬ್ರಾಂದಿ ಇಳಿಸುವ ಸಣ್ಣ ಕಾರ್ಖಾನೆ ಅದು. ನಾನು ಊಹಿಸಿದ್ದು ಹುಳಿವಾಸನೆಯ ಕತ್ತಲ ಕೋಣೆಯನ್ನು. ಕಂಡದ್ದು ಬ್ಯಾಂಕಿನಂತೆ ಒಪ್ಪವಾದ ಹಜಾರ, ಉದ್ದನೆಯ ಮರದ ಕಟ್ಟೆ, ಅದರ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ಒಬ್ಬ ಹುಡುಗಿ. ನಗರದಿಂದ ಬಂದ ಕೆಲವರು ಲೋಟವನ್ನು ಮೂಗಿಗೆ ಹಿಡಿದು, ಜ್ಯೋತಿಷ್ಯ ಕೇಳುವವರಂತೆ ಕಣ್ಣು ಮುಚ್ಚಿ ನಿಂತಿದ್ದರು.

ಹುಡುಗಿ ನಮ್ಮೆದುರು ಪುಟ್ಟ ಲೋಟಗಳನ್ನು ಸಾಲಾಗಿಟ್ಟಳು. ಕಾರು ಓಡಿಸುವ ಚೈತ್ರಾಗೆ ದ್ರಾಕ್ಷಿರಸ. ನನ್ನ ಬೋಳುತಲೆಯನ್ನೂ ಕೊರಳಿನ ತುಳಸಿಮಣಿಯನ್ನೂ ನೋಡಿ, ಬಹಳ ಮರ್ಯಾದೆಯಿಂದಲೇ, "ತಾತನವರಿಗೂ ಜ್ಯೂಸೇ ಹಾಕ್ತೀನಿ" ಎಂದಳು.

ನಲವತ್ತೈದು ವರ್ಷಗಳ ಹಿಂದಿನ ಬಣವೆ ಅಲ್ಲೇ ಎದ್ದು ನಿಂತಂತಾಯಿತು. ನನ್ನ ಕಿವಿ ಬಿಸಿಯಾಯಿತು. ಆಗ ಪಿಳ್ಳಪ್ಪ ಅಂಗೈಯಿಂದ ನನ್ನ ಮುಂದಿನ ಲೋಟವನ್ನು ಮುಚ್ಚಿದ.

"ತಡೀಯಮ್ಮ. ಅವ್ರನ್ನ ಕೇಳು. ಕೇಳ್ದೆ ಹಾಕ್ಬಾರ್ದು."

ಹುಡುಗಿ ತಬ್ಬಿಬ್ಬಾದಳು. ಪಿಳ್ಳಪ್ಪ ನನ್ನ ಕಡೆಗೆ ತಿರುಗಿ, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಕೇಳಿದ: "ಭಾವ, ಒಂದ್ ಸ್ವಲ್ಪ ತಗೊಳ್ತೀರಾ?"

ರತ್ನಮ್ಮ ಹೇಳಿರಬೇಕು. ಅಥವಾ ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ ಏನೋ. ಆ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂತು — ಕ್ಷಮಿಸಬೇಕು, ನನಗೆ ಅಭ್ಯಾಸವಿಲ್ಲ. ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಹೇಳಲು ಕೊನೆಗೂ ಅವಕಾಶ ಸಿಕ್ಕಿತ್ತು. ಬಾಯಿ ತೆರೆದೆ. "ತಗೊಳ್ತೀನಿ" ಎಂದೆ.

"ರೀ!" ಎಂದಳು ರತ್ನಮ್ಮ.

"ಅವನು ಕೇಳಿದ್ದಾನಲ್ಲ" ಎಂದೆ.

ಮೊದಲನೆಯದು ನೀರಿನಂತೆ ತಿಳಿಯಾಗಿತ್ತು. ನಾಲಿಗೆಗೆ ಬೆಂಕಿ ತಗುಲಿದಂತಾಗಿ ಕಣ್ಣಲ್ಲಿ ನೀರು ಬಂತು. ಎರಡನೆಯದು ಮರದ ಪೀಪಾಯಿಯಲ್ಲಿ ಇಟ್ಟದ್ದಂತೆ. ಹಳೆಯ ದಫ್ತರದ ಕೋಣೆಯ ವಾಸನೆ ಬರುತ್ತಿತ್ತು, ನನಗೆ ಅಪರಿಚಿತವೆನಿಸಲಿಲ್ಲ. ಮೂರನೆಯದಕ್ಕೆ ಚಕ್ಕೋತದ ಸಿಪ್ಪೆ ಹಾಕಿದ್ದರು. ಮೂಗಿಗೆ ಹಿಡಿದೆ. ತೂಬಗೆರೆಯ ಜಗಲಿ, ತಲೆಯ ಮೇಲಿನ ಸಿಪ್ಪೆ ಟೋಪಿ, ಅಜ್ಜಿಯ ಕೈ. ಆ ಹದಿನಾಲ್ಕರಲ್ಲಿ ಅಜ್ಜಿ ತನಗೆಂದು ಒಂದು ತೊಳೆಯನ್ನೂ ಇಟ್ಟುಕೊಂಡಿರಲಿಲ್ಲ ಎಂಬುದು ಆ ಲೆಕ್ಕದಲ್ಲಿ ಎಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರತ್ನಮ್ಮನೂ ಮೂಸಿ ನೋಡಿ, "ಕೆಮ್ಮಿನ ಔಷಧಿ" ಎಂದು ತೀರ್ಪು ಕೊಟ್ಟಳು.

"ಮಧ್ಯೆ ಮಧ್ಯೆ ಒಂದೊಂದು ಗುಟುಕು ನೀರು ಕುಡೀರಿ, ಆಗ ರುಚಿ ಗೊತ್ತಾಗುತ್ತೆ" ಎಂದು ಹುಡುಗಿ ನನ್ನ ಮುಂದೆ ನೀರಿನ ಲೋಟ ಇಟ್ಟಳು.

ಪಿಳ್ಳಪ್ಪನಿಗೂ ಸ್ವಲ್ಪ ಏರಿತ್ತೇನೋ, ಗಹಗಹಿಸಿ ನಕ್ಕ. "ನೀರಾ? ನಮ್ ಭಾವ ನಮ್ ಕಡೆಯೋರ ಹತ್ರ ನೀರು ಕುಡಿಯಲ್ಲಮ್ಮ!"

"ಪಿಳ್ಳ, ಸುಮ್ನಿರು" ಎಂದಳು ರತ್ನಮ್ಮ, ತಟ್ಟನೆ.

ಬರೀ ತಮಾಷೆಯಾಗಿದ್ದರೆ ಅಷ್ಟು ಬೇಗ ಯಾರೂ ಅಡ್ಡ ಬರುವುದಿಲ್ಲ. ನಾನು ಲೋಟ ಕೆಳಗಿಟ್ಟೆ. "ಏನದು? ಹೇಳು."

"ಬಿಡಿ ಭಾವ, ಹಳೇದು."

"ಹಳೆಯದೇ ನನಗೆ ಬೇಕಾದದ್ದು. ಹೇಳಯ್ಯಾ. ಆ ಮೂರೂಕಾಲು ಅಡಿಯ ವಿಷಯ ತಾನೇ?"

"ಥೂ, ಮೂರಡಿ ಯಾರಿಗೆ ಬೇಕಿತ್ತು ಭಾವ? ಕಲ್ಲು ಸರಿಯಾಗೇ ಇಟ್ಟಿದ್ದಾರೆ, ನಮ್ಮಳಿಯ ನ್ಯಾಯವಂತ ಅಂತ ಅಪ್ಪ ಅವತ್ತೇ ಊರೆಲ್ಲ ಹೇಳ್ಕೊಂಡು ಬಂದ." ಟವೆಲಿನಿಂದ ಮುಖ ಒರೆಸಿಕೊಂಡ. "ಅವತ್ತು ಬಿಸ್ಲು. ಬೆಳಿಗ್ಗೆಯಿಂದ ಹೊಲದಲ್ಲಿ ಅಳತೆ ಚೈನು ಎಳೀತಿದ್ರಿ. ಅಮ್ಮ ಕೋಳಿ ಸಾರು ಮಾಡಿಟ್ಟು, ಒಳ್ಳೆ ಸೀರೆ ಉಟ್ಕೊಂಡು ಗೇಟ್ ಹತ್ರ ಬಂದು ನಿಂತ್ಲು, ಕೈಯಲ್ಲಿ ನೀರು, ಬೆಲ್ಲ. ನೀವು ಬಂದ್ರಿ. ಕೈ ಎತ್ತಿ ಹೀಗೆ ಅಂದ್ಬಿಟ್ಟು, ನಿಲ್ದೇನೇ ಹೋಗ್ಬಿಟ್ರಿ. ಅಮ್ಮ ತುಂಬಾ ಹೊತ್ತು ನಿಂತಿದ್ಲು. ಆಮೇಲೆ ಆ ನೀರನ್ನ ಗೇಟ್ ಹತ್ರದ ಕರಿಬೇವಿನ ಗಿಡಕ್ಕೆ ಹಾಕಿ, 'ಅಳಿಯಂದ್ರಿಗೆ ಬಾಯಾರಿಕೆ ಇರ್ಲಿಲ್ಲ ಅನ್ಸುತ್ತೆ ಬಿಡು' ಅಂತ ಒಳಗೆ ಹೋದ್ಲು. ಅದಾದ್ಮೇಲೆ ನಿಮ್ಮನ್ನ ಕರಿಯೋಕೆ ಅವ್ಳಿಗೆ ಹೆದರಿಕೆ ಭಾವ. ಮತ್ತೆ ಹಂಗೇ ಕೈ ಎತ್ತಿದ್ರೆ ಅಂತ."

ಅಳತೆಗೆ ಹೋದ ದಿನ ಕಕ್ಷಿಯವರ ಮನೆಯಲ್ಲಿ ತೊಟ್ಟು ನೀರನ್ನೂ ಕುಡಿಯಬಾರದೆಂಬುದು ನಾನು ನನಗೇ ಹಾಕಿಕೊಂಡ ಕಟ್ಟಳೆ. ಮೂವತ್ತೈದು ವರ್ಷ ಅದನ್ನು ಮುರಿದವನಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ದಿನದ್ದೆಲ್ಲ ನನಗೆ ನೆನಪಿದೆ: ಕಲ್ಲು ನೆಟ್ಟ ಜಾಗ, ಚೈನು ಹಿಡಿದವರ ಹೆಸರು, ಎಣಿಸಿದ ಕೊಂಡಿಗಳು. ನೀರಿನ ಲೋಟ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೈ ಎತ್ತಿದ್ದೂ ನೆನಪಿಲ್ಲ. ಬಹಳ ಹೊತ್ತಿನ ಮೇಲೆ ಒಂದೇ ಒಂದು ಬಂತು: ನಡೆಯುತ್ತಿದ್ದ ನನ್ನ ಎಡಗಣ್ಣಿನ ಅಂಚಿನಲ್ಲಿ, ಗೇಟಿನ ಸರಳುಗಳ ನಡುವೆ, ಒಂದು ನೇರಳೆ ಬಣ್ಣದ ಸೀರೆಯಂಚು.

"ನಿನಗೆ ಗೊತ್ತಿತ್ತೇ?" ಎಂದು ರತ್ನಮ್ಮನನ್ನು ಕೇಳಿದೆ.

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಯಮ ಹೇಳ್ತಿದ್ರಿ. ನಿಯಮ ನನಗೂ ಗೊತ್ತಿತ್ತಲ್ಲ."

ಎಲ್ಲರ ತಪ್ಪುಗಳನ್ನೂ ನೆನಪಿಟ್ಟುಕೊಂಡ ನನ್ನ ಹತ್ತಿರ ನನ್ನದೊಂದೂ ಇರಲಿಲ್ಲ. ಮಜ್ಜಿಗೆಯಿಂದಾಗಿ ನನ್ನ ಬಾಯಲ್ಲಿ ಉಳಿದುಹೋದ "ಬೇಡ" ಎಂಬುದನ್ನು ನಾನು ಎಲ್ಲಿಯೂ ಹೇಳಲಿಲ್ಲವೆಂದುಕೊಂಡಿದ್ದೆ. ಹೇಳಿದ್ದೆ, ಒಂದು ಮಾತೂ ಆಡದೆ, ಬೆಲ್ಲ ಹಿಡಿದು ನಿಂತಿದ್ದ ಆ ಮುದುಕಿಗೆ.

ಹುಡುಗಿ ಇಟ್ಟ ನೀರಿನ ಲೋಟವನ್ನು ನಾನು ಪಕ್ಕಕ್ಕೆ ಸರಿಸಿದೆ. "ಇದು ಬೇಡಮ್ಮ" ಎಂದೆ. ಪಿಳ್ಳಪ್ಪನ ಮುಖ ಸಣ್ಣದಾಯಿತು. "ಚೈತ್ರಾ, ಇಲ್ಲಿಂದ ಸೂಲಿಬೆಲೆಗೆ ಎಷ್ಟು ಹೊತ್ತಿನ ದಾರಿ?"

ಅವಳು ಅಪ್ಪನ ಮುಖವನ್ನೂ ಅತ್ತೆಯ ಮುಖವನ್ನೂ ನೋಡಿ, "ಅರ್ಧ ಗಂಟೆ ಮಾವ, ಈಗ್ಲೇ ಹೋಗ್ಬಿಡೋಣ" ಎಂದು ಕೀಲಿ ಎತ್ತಿಕೊಂಡಳು. ಬರುವಾಗ ಹುಡುಗಿ ಪುಟ್ಟ ಲೋಟವೊಂದನ್ನು ಕಾಗದದಲ್ಲಿ ಸುತ್ತಿ, ನೆನಪಿಗಿರಲಿ ಎಂದು ನನ್ನ ಕೈಗೆ ಕೊಟ್ಟಳು. ಪಿಳ್ಳಪ್ಪ ಬೀಗರಿಗೆ ಯಾವುದನ್ನು ಕೊಳ್ಳಬೇಕೆಂದಿದ್ದನೋ ಅದನ್ನು ಕೊಳ್ಳುವುದನ್ನೇ ಮರೆತ.

ದಾರಿಯುದ್ದಕ್ಕೂ ರತ್ನಮ್ಮ ಸೀರೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಸುಗಳನ್ನು ಹೊಡೆದುಕೊಂಡು ಬರುವವರಿಗೆ ಒಂದು ಕಡೆ ನಿಂತು ದಾರಿ ಬಿಟ್ಟೆವು. ಮನೆ ಹೊಸದಾಗಿ ಸುಣ್ಣ ಕಂಡಿತ್ತು. ಅಂಗಳದಲ್ಲಿ ಚಪ್ಪರಕ್ಕೆಂದು ಗಳಗಳನ್ನು ತಂದು ಹಾಕಿದ್ದರು. ಗೇಟಿನ ಪಕ್ಕದ ಕರಿಬೇವು ಈಗ ಗಿಡವಲ್ಲ, ಮರ. ನಾನು ಅದರ ಕೆಳಗೆ ನಿಂತೆ. ಒಳಗೆ ಹೋಗಲು ಕಾಲು ಬರಲಿಲ್ಲ.

ಪಿಳ್ಳಪ್ಪ ಓಡುವ ವಯಸ್ಸು ತನ್ನದಲ್ಲವೆಂಬುದನ್ನು ಮರೆತು ಒಳಗೋಡಿ, ಸ್ಟೀಲಿನ ದೊಡ್ಡ ಲೋಟದಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದ. ಅಮ್ಮ ನಿಂತಿದ್ದಳೆಂದು ಅವನು ಹೇಳಿದ ಜಾಗದಲ್ಲೇ ನಿಂತ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ತಿ ಕುಡಿದೆ. ರತ್ನಮ್ಮ ಬಂದು ಖಾಲಿ ಲೋಟವನ್ನು ನನ್ನಿಂದ ಇಸಿದುಕೊಂಡು, ಔಷಧಿ ಕುಡಿದ ಮಕ್ಕಳ ಲೋಟವನ್ನು ತಾಯಂದಿರು ನೋಡುವಂತೆ, ಬೋರಲು ಹಿಡಿದು ನೋಡಿದಳು.

"ಅವತ್ತೂ ಬಾಯಾರಿಕೆ ಇತ್ತು ಕಣಯ್ಯಾ" ಎಂದೆ ಪಿಳ್ಳಪ್ಪನಿಗೆ.

"ಗೊತ್ತು ಭಾವ" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ನಿಂತ್ಕೊಂಡು ಮೂರು ಲೋಟ ಕುಡಿದ್ರಂತೆ. ಊರೆಲ್ಲ ನೋಡ್ತು. ಇರಿ, ಇನ್ನೆರಡು ಲೋಟ ತರ್ತೀನಿ."

ಅವನು ಒಳಗೆ ಹೋದ. ಹೊರಗೆ ತರಲಿ ಎಂದು ನಾನು ಕಾಯಲಿಲ್ಲ. ಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ರತ್ನಮ್ಮನ ಹಿಂದೆಯೇ ಹೊಸ್ತಿಲು ದಾಟಿದೆ.